ಕೋಶ ಏನು ತಿನ್ನುತ್ತದೆ, ಯಾಕೆ ಉರಿಯುತ್ತದೆ: ಪಿಎಚ್‌ಡಿ ಮಾಡಹೊರಟವರ ಪ್ರಶ್ನೆಗಳು

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ಉರಿಯೂತದ ಬಗ್ಗೆ ಬರೆದಿದ್ದೆ. ನಮ್ಮ ರಕ್ಷಣಾ ಕೋಶಗಳು ಸಕ್ಕರೆ, ಕೊಬ್ಬುಗಳನ್ನು ಹೇಗೆ ಬಳಸುತ್ತವೆ ಎಂಬುದರ ಮೇಲೆ ಅವು ರೇಗುವುದೂ ತಣ್ಣಗಾಗುವುದೂ ನಿಂತಿದೆ ಎಂದಿದ್ದೆ. ಕೋಶ ಆಹಾರವನ್ನು ಒಡೆದು ಬಳಸುವುದು ಮೆಟಬಾಲಿಸಂ, ರೋಗನಿರೋಧಕ ಶಕ್ತಿಯ ಶಾಸ್ತ್ರ ಇಮ್ಯುನಾಲಜಿ. ಎರಡೂ ಸೇರಿದ ಈ ವಿಷಯಕ್ಕೆ ಇಮ್ಯುನೊಮೆಟಬಾಲಿಸಂ ಅನ್ನುತ್ತಾರೆ. ಅದನ್ನು ಓದಿ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿರುವುದು ಇದರಲ್ಲಿ ಸಂಶೋಧನೆ ಮಾಡುವುದು ಹೇಗೆ ಎಂದು. ಬಹಳ ವರ್ಷ ಪ್ರಯೋಗಾಲಯದಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳ ಜೊತೆ ಇದೇ ಕೆಲಸ ಮಾಡಿ, ಈಗ ಶಿರಸಿಯಲ್ಲಿ ನೆಲೆಸಿರುವ ನನಗೆ ಈ ಪತ್ರಗಳು ತುಂಬಾ ಖುಷಿ ಕೊಟ್ಟಿವೆ. ಈ ಸಂಚಿಕೆ ಪೂರ್ತಿ ಅವಕ್ಕೇ ಮೀಸಲು.

ಪ್ರಶ್ನೆ: ನಾನು ಬಯೋಕೆಮಿಸ್ಟ್ರಿ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಇಮ್ಯುನೊಮೆಟಬಾಲಿಸಂ ವಿಷಯದಲ್ಲಿ ಪಿಎಚ್‌ಡಿ ಮಾಡುವ ಆಸೆ. ಆದರೆ ನಮ್ಮಲ್ಲಿ ಮೆಟಬಾಲಿಸಂ ಒಂದು ಪೇಪರ್, ಇಮ್ಯುನಾಲಜಿ ಇನ್ನೊಂದು ಪೇಪರ್. ಎರಡೂ ಸೇರುವುದು ಎಲ್ಲಿ? ನಾನು ಯಾವ ತಯಾರಿ ಮಾಡಿಕೊಳ್ಳಬೇಕು?
– ವಿದ್ಯಾರ್ಥಿನಿ, ಕೋಡಿಬಾಗ, ಕಾರವಾರ

ಉತ್ತರ: ತಂಗಿ, ಎರಡೂ ಸೇರುವುದು ಒಂದೇ ಕೋಶದೊಳಗೆ. ಪೇಪರುಗಳು ಬೇರೆಯಾಗಿರುವುದು ಕಲಿಸುವವರ ಅನುಕೂಲಕ್ಕೆ, ಅಷ್ಟೇ.

ಇದಕ್ಕೊಂದು ಇತಿಹಾಸವೂ ಇದೆ. ಇಲ್ಯಾ ಮೆಚ್ನಿಕೊಫ್ 1882ರಲ್ಲಿ ಇಟಲಿಯ ಮೆಸ್ಸಿನಾದ ಕಡಲ ದಂಡೆಯಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದರು. ಅಲೆದಾಡುವ ಕೋಶಗಳು ಬಂದು ಮುಳ್ಳನ್ನು ಸುತ್ತುವರಿದಿದ್ದವು. ರೋಗಾಣುಗಳನ್ನು ನುಂಗುವ ಕೋಶಗಳ ಕಥೆ ಶುರುವಾಗಿದ್ದು ಹೀಗೆ. ಇನ್ನೊಂದು ಕಡೆ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲಿ ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದರೂ ಸಕ್ಕರೆಯನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಮಾಡಿ ಬಿಡುತ್ತವೆ ಎಂದು ತೋರಿಸಿದರು. ಹಾನ್ಸ್ ಕ್ರೆಬ್ಸ್ 1937ರಲ್ಲಿ ಕೋಶ ಆಹಾರವನ್ನು ಪೂರ್ತಿ ಉರಿಸುವ ದಾರಿಯಾದ ಸಿಟ್ರಿಕ್ ಆಮ್ಲದ ಚಕ್ರವನ್ನು ಬಿಡಿಸಿಟ್ಟರು. ಮೂವರಿಗೂ ನೊಬೆಲ್ ಬಂತು. ಆದರೆ ನುಂಗುವ ಕೋಶದವರೂ ಸಕ್ಕರೆಯವರೂ ದಶಕಗಳ ಕಾಲ ಬೇರೆ ಬೇರೆ ಕಟ್ಟಡಗಳಲ್ಲೇ ಉಳಿದರು.

ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶವನ್ನೇ ತಗೋ. ಸುಮ್ನೆ ಇರುವಾಗ ಅದು ಗ್ಲೂಕೋಸನ್ನು ಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಾದಲ್ಲಿ ಪೂರ್ತಿ ಉರಿಸುತ್ತದೆ. ಒಂದು ಗ್ಲೂಕೋಸಿಗೆ ಎಟಿಪಿ ಎಂಬ ಶಕ್ತಿಯ ಅಣು ಸುಮಾರು 30 ಸಿಗುತ್ತದೆ. ಬ್ಯಾಕ್ಟೀರಿಯಾದ ಸುಳಿವು ಸಿಕ್ಕ ಕೂಡಲೇ ಸಕ್ಕರೆಯನ್ನು ಅರ್ಧಕ್ಕೆ ಒಡೆಯುವ ಗ್ಲೈಕೊಲಿಸಿಸ್‌ಗೆ ವಾಲುತ್ತದೆ. ಅದರಲ್ಲಿ ಸಿಗುವುದು ಬರೀ 2. ಇದೇನು ದಡ್ಡತನ ಅನ್ನಿಸುತ್ತದೆ ಅಲ್ವಾ? ಮದುವೆ ಮನೆಯ ಅಂಗಳದಲ್ಲಿ ತೋಡುವ ಕಟ್ಟಿಗೆ ಒಲೆ ನೆನಪಿಸಿಕೋ. ಕಟ್ಟಿಗೆ ವಿಪರೀತ ಹೋಗುತ್ತದೆ, ಆದರೆ ಸಾವಿರ ಜನಕ್ಕೆ ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತದೆ. ಕೋಶಕ್ಕೂ ಆ ಗಳಿಗೆಯಲ್ಲಿ ಬೇಕಿರುವುದು ವೇಗ. ಜೊತೆಗೆ, ಅರ್ಧಕ್ಕೆ ಒಡೆದ ಸಕ್ಕರೆಯ ತುಂಡುಗಳಿಂದಲೇ ಅದು ಬೇಕಾದ ಪದಾರ್ಥಗಳನ್ನು ಕಟ್ಟಿಕೊಳ್ಳುತ್ತದೆ.

ನಿಜವಾದ ಸೊಗಸು ಇದರ ಮುಂದಿದೆ. ಆ ಹೊತ್ತಿನಲ್ಲಿ ಕ್ರೆಬ್ಸ್ ಚಕ್ರ ನಡುವೆ ಅಲ್ಲಲ್ಲಿ ನಿಲ್ಲುತ್ತದೆ. ಅದರ ನಡುವೆ ಹುಟ್ಟುವ ಸಿಟ್ರೇಟ್, ಸಕ್ಸಿನೇಟ್ ಎಂಬ ಆಮ್ಲಗಳು ಕೂಡಿಬೀಳುತ್ತವೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಲ್ಯೂಕ್ ಓ'ನೀಲ್ ತಂಡ 2013ರಲ್ಲಿ ಒಂದು ಸಂಗತಿ ತೋರಿಸಿತು. ಕೂಡಿಬಿದ್ದ ಸಕ್ಸಿನೇಟ್‌ನಿಂದ ಹಿಫ್-1 ಆಲ್ಫಾ ಎಂಬ ಪ್ರೋಟೀನು ಒಡೆಯದೆ ಉಳಿಯುತ್ತದೆ. ಅದು ಉಳಿದರೆ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಪ್ರೋಟೀನು ಜಾಸ್ತಿಯಾಗುತ್ತದೆ. ಜ್ವರ, ಊತ ತರುವುದರಲ್ಲಿ ಅದರ ಪಾಲು ದೊಡ್ಡದು. ಅಂದರೆ ನೀನು ಪರೀಕ್ಷೆಗೆಂದು ಉರು ಹೊಡೆದ ಚಕ್ರದ ಒಂದು ಆಮ್ಲವೇ ಉರಿಯೂತದ ಸಂದೇಶ ಒಯ್ಯುತ್ತದೆ. ಅದೇ ಚಕ್ರದಿಂದ ಕವಲೊಡೆದು ಇಟಾಕೊನೇಟ್ ಎಂಬುದೂ ಹುಟ್ಟುತ್ತದೆ. ಅದು ಕ್ಷಯದ ಬ್ಯಾಕ್ಟೀರಿಯಾ ಬದುಕಲು ಬಳಸುವ ಒಂದು ಕಿಣ್ವವನ್ನು ತಡೆಯುತ್ತದೆ, ನಮ್ಮದೇ ಉರಿಯೂತವನ್ನೂ ತಗ್ಗಿಸುತ್ತದೆ. ಕ್ಷಯ ಇನ್ನೂ ಇಷ್ಟೊಂದು ಕಾಡುತ್ತಿರುವ ನಮ್ಮ ದೇಶದಲ್ಲಿ ಇದನ್ನು ಓದುವವರು ಇನ್ನೂ ಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈಗ ತಯಾರಿ. ಈ ವಿಷಯಕ್ಕೆ ಬರುವ ಮಕ್ಕಳಲ್ಲಿ ಕೆಲವರಿಗೆ ರಸಾಯನಶಾಸ್ತ್ರ ಗಟ್ಟಿ, ಆದರೆ ಬಿಳಿರಕ್ತಕಣಗಳಲ್ಲಿ ಮಾನೊಸೈಟ್ ಯಾವುದು ನ್ಯೂಟ್ರೊಫಿಲ್ ಯಾವುದು ಎಂದು ಗುರುತು ಹಿಡಿಯಲು ಬರುವುದಿಲ್ಲ. ಇನ್ನು ಕೆಲವರಿಗೆ ರಕ್ಷಣಾ ಕೋಶಗಳ ಸಂದೇಶ ಒಯ್ಯುವ ಸೈಟೊಕೈನ್‌ಗಳ ಹೆಸರೆಲ್ಲ ಬಾಯಿಪಾಠ, ಸಿಟ್ರೇಟ್ ಎಂದರೆ ಗಾಬರಿ. ನೀನು ಮೊದಲ ಗುಂಪಿನವಳು. ಹಾಗಾಗಿ ಈ ವರ್ಷ ಇಮ್ಯುನಾಲಜಿಯ ಒಂದು ದೊಡ್ಡ ಪಠ್ಯಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದು. ಪರೀಕ್ಷೆಗೆ ಬರುವ ಭಾಗ ಮಾತ್ರ ಓದಬೇಡ.

ಕೈಕೆಲಸ ಪ್ರಯೋಗಾಲಯಕ್ಕೆ ಹೋದ ಮೇಲೆ ಬರುತ್ತದೆ. ಇಲಿಯ ಮೂಳೆಮಜ್ಜೆಯಿಂದ ಒಂದು ವಾರದಲ್ಲಿ ಮ್ಯಾಕ್ರೊಫೇಜ್ ಬೆಳೆಸುವುದು, ಫ್ಲೋ ಸೈಟೊಮೀಟರಿನಲ್ಲಿ ಕೋಶ ಬೇರ್ಪಡಿಸುವುದು, ಸೀಹಾರ್ಸ್ ಎಂಬ ಯಂತ್ರದಲ್ಲಿ ಕೋಶಗಳ ಉಸಿರಾಟ ಅಳೆಯುವುದು, ಭಾರದ ಕಾರ್ಬನ್-13 ಸೇರಿಸಿದ ಗ್ಲೂಕೋಸ್ ಕೊಟ್ಟು ಅದು ಎಲ್ಲೆಲ್ಲಿ ಹೋಯಿತು ಎಂದು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೊಮೀಟರಿನಲ್ಲಿ ಹುಡುಕುವುದು. ಇವೆಲ್ಲ ಕಲಿಯಬಹುದು. ಕಷ್ಟವಾದದ್ದು ತನ್ನ ಪ್ರಯೋಗವನ್ನೇ ಅನುಮಾನಿಸುವ ಅಭ್ಯಾಸ. ಪಿಎಚ್‌ಡಿ ತರಬೇತಿಯ ಸಾರವೇ ಅದು ಎಂದು ನಾನು ನಂಬಿದ್ದೇನೆ.

ಒಂದು ಉದಾಹರಣೆ. ಕೋಶ ಬೆಳೆಸಲು ಬಹಳ ಕಡೆ ಡಿಎಂಇಎಂ ಎಂಬ ದ್ರಾವಣ ಬಳಸುತ್ತಾರೆ. ಅದರ ಹೈ ಗ್ಲೂಕೋಸ್ ಬಾಟಲಿಯಲ್ಲಿ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುತ್ತದೆ. ನಮ್ಮ ಶುಗರ್ ಟೆಸ್ಟಿನ ಲೆಕ್ಕಕ್ಕೆ ತಂದರೆ ಅದು 450. ಖಾಲಿ ಹೊಟ್ಟೆಯಲ್ಲಿ ಆರೋಗ್ಯವಂತರಿಗೆ 70ರಿಂದ 100 ಇರುತ್ತದೆ. ಹಾಗಾದರೆ ಆ ಬಾಟಲಿಯಲ್ಲಿ ಕೋಶ ಸಕ್ಕರೆಯನ್ನು ಜಾಸ್ತಿ ಉರಿಸಿತು ಎಂದರೆ ಅದು ಕೋಶದ ಗುಣವೋ ಬಾಟಲಿಯ ಗುಣವೋ? ಇನ್ನೊಂದು: ಇಲಿಯ ಮ್ಯಾಕ್ರೊಫೇಜ್ ರೇಗಿದಾಗ ನೈಟ್ರಿಕ್ ಆಕ್ಸೈಡ್ ಧಾರಾಳವಾಗಿ ಮಾಡಿ ತನ್ನ ಮೈಟೊಕಾಂಡ್ರಿಯಾವನ್ನೇ ಅಡಗಿಸುತ್ತದೆ. ಮನುಷ್ಯರ ಮ್ಯಾಕ್ರೊಫೇಜ್ ಪ್ರಯೋಗಾಲಯದ ಬಟ್ಟಲಿನಲ್ಲಿ ಅಷ್ಟು ಮಾಡುವುದಿಲ್ಲ. ಇಲಿಯಲ್ಲಿ ಕಂಡದ್ದನ್ನು ಹಾಗೇ ನಮಗೆ ಅನ್ವಯಿಸಿದರೆ ತಪ್ಪುತ್ತೇವೆ. ಮತ್ತೊಂದು: ಸೀಹಾರ್ಸ್ ಯಂತ್ರ ಕೋಶ ಇಟ್ಟ ತಟ್ಟೆಯ ಒಂದು ಗುಳಿಯಲ್ಲಿ ಎಷ್ಟು ಆಮ್ಲಜನಕ ಖರ್ಚಾಯಿತು ಎಂದು ಹೇಳುತ್ತದೆ. ಆ ಗುಳಿಯಲ್ಲಿ ಎಷ್ಟು ಕೋಶ ಬದುಕಿದ್ದವು ಎಂದು ಎಣಿಸುವುದು ನಿನ್ನ ಕೆಲಸ. ಎಣಿಸದೆ ಬರೆದ ಗ್ರಾಫಿಗೆ ಬೆಲೆಯಿಲ್ಲ.

ಗೈಡ್ ಹುಡುಕುವಾಗ ಸಾಧ್ಯವಾದರೆ ಇಬ್ಬರು ಇರುವ ಕಡೆ ನೋಡು, ಒಬ್ಬರು ಇಮ್ಯುನಾಲಜಿಯವರು, ಒಬ್ಬರು ಮೆಟಬಾಲಿಸಂನವರು. ಬೆಂಗಳೂರಿನ ಐಐಎಸ್‌ಸಿ, ಎನ್‌ಸಿಬಿಎಸ್, ಪುಣೆಯ ಎನ್‌ಸಿಸಿಎಸ್, ಐಸರ್, ದೆಹಲಿಯ ರಾಷ್ಟ್ರೀಯ ಇಮ್ಯುನಾಲಜಿ ಸಂಸ್ಥೆ, ಹೈದರಾಬಾದಿನ ಸಿಸಿಎಂಬಿ, ಇವುಗಳ ವೆಬ್‌ಸೈಟಿನಲ್ಲಿ ಒಬ್ಬೊಬ್ಬರ ಕೆಲಸವನ್ನೂ ಕೂತು ಓದು. ಸಿಎಸ್‌ಐಆರ್-ಯುಜಿಸಿ ನೆಟ್, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಪರೀಕ್ಷೆ, ಎನ್‌ಸಿಬಿಎಸ್‌ನಂಥ ಸಂಸ್ಥೆಗಳಿಗೆ ಸೇರಲು ಬರೆಯುವ ಜೆಜೀಬಿಲ್ಸ್ ಪರೀಕ್ಷೆ, ಎಲ್ಲಕ್ಕೂ ಅರ್ಜಿ ಹಾಕು. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೊಶಿಪ್ ಸಿಕ್ಕರೆ 2023ರಲ್ಲಿ ಏರಿಸಿದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಯವರ ಮೇಲೆ ಹೊರೆಯಾಗದೆ ಓದಬಹುದು.

ಪ್ರಶ್ನೆ: ಬಲೆ ಎಳೆಯುವಾಗ ಕಾಲಿಗೆ ಆದ ಗಾಯ ತಿಂಗಳಾದರೂ ಮಾಯುತ್ತಿಲ್ಲ. ನನಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆಗೂ ಗಾಯಕ್ಕೂ ಏನು ಸಂಬಂಧ?
– ಮೀನುಗಾರರು, ಭಟ್ಕಳ

ಉತ್ತರ: ಅಣ್ಣ, ಇದನ್ನು ಓದುವಷ್ಟರಲ್ಲಿ ನೀವು ಡಾಕ್ಟರ ಹತ್ತಿರ ಹೋಗಿದ್ದೀರಿ ಎಂದುಕೊಳ್ಳುತ್ತೇನೆ. ಹೋಗಿಲ್ಲದಿದ್ದರೆ ಇವತ್ತೇ ಹೋಗಿ, ಗಾಯ ಆಗಿದ್ದು ಕಡಲ ನೀರಿನಲ್ಲಿ ಎಂದು ತಪ್ಪದೆ ಹೇಳಿ. ಉಪ್ಪುನೀರಿನಲ್ಲಿ ವಿಬ್ರಿಯೊ ಎಂಬ ಜಾತಿಯ ಬ್ಯಾಕ್ಟೀರಿಯಾಗಳಿವೆ. ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆ ಇದ್ದವರ ಗಾಯಕ್ಕೆ ಅವು ಸೇರಿದರೆ ಬಹಳ ಬೇಗ ಕೆಡುತ್ತದೆ. ನಾನು ಸಂಶೋಧಕಿ, ವೈದ್ಯೆಯಲ್ಲ. ಔಷಧಿ ನಾನು ಹೇಳಬಾರದು.

ಕಾರಣ ಮಾತ್ರ ಹೇಳುತ್ತೇನೆ. ಗಾಯಕ್ಕೆ ಮೊದಲು ಓಡಿ ಬರುವುದು ನ್ಯೂಟ್ರೊಫಿಲ್. ರಕ್ತದಲ್ಲಿ ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ಅವು ತಡವಾಗಿ ಬರುತ್ತವೆ, ಬಂದರೂ ರೋಗಾಣುಗಳನ್ನು ಸರಿಯಾಗಿ ಕೊಲ್ಲುವುದಿಲ್ಲ. ಆಮೇಲೆ ಬರುವ ಮ್ಯಾಕ್ರೊಫೇಜ್‌ಗಳು ಮೊದಲು ರೇಗಿ, ನಂತರ ತಣ್ಣಗಾಗಿ ರಿಪೇರಿ ಕೆಲಸಕ್ಕೆ ತೊಡಗಬೇಕು. ಸಕ್ಕರೆ ಕಾಯಿಲೆಯಲ್ಲಿ ಅವು ರೇಗಿದ ಸ್ಥಿತಿಯಲ್ಲೇ ಉಳಿಯುತ್ತವೆ. ರಕ್ತನಾಳ ಸಣ್ಣದಾಗಿ, ನರ ಮರಗಟ್ಟಿ, ನೋವೂ ಗೊತ್ತಾಗುವುದಿಲ್ಲ. ಗಾಯ ತೆರೆದೇ ಉಳಿಯುತ್ತದೆ.

ಇದು ಎರಡೂ ಕಡೆಯಿಂದ ನಡೆಯುವ ವ್ಯವಹಾರ. ಬೊಜ್ಜಿನ ಇಲಿಗಳ ಕೊಬ್ಬು ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ಮಾಡುತ್ತದೆ, ಅದರಿಂದ ಇನ್ಸುಲಿನ್ ಕೆಲಸ ಕೆಡುತ್ತದೆ ಎಂದು 1993ರಲ್ಲೇ ಬಾಸ್ಟನ್‌ನ ಸಂಶೋಧಕರು ತೋರಿಸಿದ್ದರು. ಸಕ್ಕರೆ ಕೆಟ್ಟರೆ ಉರಿಯೂತ, ಉರಿಯೂತ ಇದ್ದರೆ ಸಕ್ಕರೆ ಕೆಡುವುದು. ನಿಮ್ಮಂಥವರ ಕಾಲಿನ ಗಾಯ ಮಾಯುವ ದಾರಿ ಹುಡುಕಲಿಕ್ಕೇ ಮೇಲೆ ಪತ್ರ ಬರೆದಂಥ ಹುಡುಗಿಯರು ಬೇಕಾಗಿರುವುದು.

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮನೆ. ಮಗಳಿಗೆ ಯುರೋಪಿನಲ್ಲಿ ಮೇರಿ ಕ್ಯೂರಿ ಹೆಸರಿನ ಯಾವುದೋ ನೆಟ್‌ವರ್ಕಿನಲ್ಲಿ ಪಿಎಚ್‌ಡಿಗೆ ಸಂದರ್ಶನ ಬಂದಿದೆ. ಉರಿಯೂತ, ಮೆಟಬಾಲಿಸಂ ಅನ್ನುತ್ತಾಳೆ. ಇದು ಓದೋ ನೌಕರಿಯೋ? ದುಡ್ಡು ಯಾರು ಕೊಡುತ್ತಾರೆ? ನಾವು ಸಾಲ ಮಾಡಬೇಕಾ? ಹೋದವಳು ತಿರುಗಿ ಬರುತ್ತಾಳಾ?
– ಒಬ್ಬ ತಂದೆ, ಶಿರಸಿ ತಾಲ್ಲೂಕು

ಉತ್ತರ: ಸಾಲ ಮಾಡಬೇಡಿ, ಮೊದಲು ಅದನ್ನು ಹೇಳಿಬಿಡುತ್ತೇನೆ. ನೀವು ಹೇಳುತ್ತಿರುವುದು ಯುರೋಪಿಯನ್ ಒಕ್ಕೂಟ ಹಣ ಕೊಡುವ ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್. ಇದು ಓದೂ ಹೌದು, ನೌಕರಿಯೂ ಹೌದು. ಮಗಳಿಗೆ ಅಲ್ಲಿನ ವಿಶ್ವವಿದ್ಯಾಲಯವೋ ಸಂಸ್ಥೆಯೋ ಕೆಲಸದ ಕರಾರು ಕೊಡುತ್ತದೆ. ಸಂಬಳ, ಸಾಮಾಜಿಕ ಭದ್ರತೆ, ರಜೆ ಎಲ್ಲ ಅದರಲ್ಲಿ ಇರುತ್ತದೆ. ಯಾವ ದೇಶದವರೂ ಅರ್ಜಿ ಹಾಕಬಹುದು. ಆಗಲೇ ಪಿಎಚ್‌ಡಿ ಪಡೆದಿರಬಾರದು. ಸೇರುವ ಮುಂಚಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಆ ದೇಶದಲ್ಲಿ ವಾಸ ಮಾಡಿರಬಾರದು, ತನ್ನ ಮುಖ್ಯ ಕೆಲಸವನ್ನೂ (ಓದು, ನೌಕರಿ) ಅಲ್ಲಿ ಮಾಡಿರಬಾರದು. ತೋಟದ ಮನೆಯಿಂದ ನೇರ ಹೋಗುವವಳಿಗೆ ಇದು ತೊಂದರೆಯಲ್ಲ. ಅರ್ಜಿಗೆ, ಸಂದರ್ಶನಕ್ಕೆ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ, ಅಲ್ಲಿಗೇ ಬಿಡಿ.

ನೆಟ್‌ವರ್ಕ್ ಎಂದರೆ ಹಲವು ದೇಶಗಳ ವಿಶ್ವವಿದ್ಯಾಲಯ, ಆಸ್ಪತ್ರೆ, ಔಷಧ ಕಂಪನಿಗಳು ಸೇರಿ ಒಂದು ಗುಂಪು ವಿದ್ಯಾರ್ಥಿಗಳನ್ನು ಒಟ್ಟಿಗೆ ತಯಾರು ಮಾಡುವುದು. ಈ ವಿಷಯಕ್ಕೆ ಆ ಏರ್ಪಾಡು ಬಹಳ ಒಗ್ಗುತ್ತದೆ ಎಂದು ನನ್ನ ಅಭಿಪ್ರಾಯ. ಒಂದು ಊರಿನಲ್ಲಿ ಗಂಟುನೋವಿನ ರೋಗಿಗಳನ್ನು ನೋಡುವ ವೈದ್ಯರಿದ್ದಾರೆ. ಇನ್ನೊಂದು ಊರಿನಲ್ಲಿ ಒಳ್ಳೆ ಮಾಸ್ ಸ್ಪೆಕ್ಟ್ರೊಮೀಟರ್ ಇದೆ. ಮೂರನೆಯ ಕಡೆ ಕಂಪ್ಯೂಟರಿನಲ್ಲಿ ಅಂಕಿಅಂಶ ಬಿಡಿಸುವವರಿದ್ದಾರೆ. ಒಂದೇ ಪ್ರಯೋಗಾಲಯದಲ್ಲಿ ಇದೆಲ್ಲ ಸಿಗುವುದು ಅಪರೂಪ. ಮಗಳು ಕೆಲವು ತಿಂಗಳು ಬೇರೆ ಕಡೆ ಹೋಗಿ ಕಲಿತು ಬರುತ್ತಾಳೆ. ಅದಕ್ಕೆ ಸೆಕೆಂಡ್‌ಮೆಂಟ್ ಅನ್ನುತ್ತಾರೆ. ವರ್ಷಕ್ಕೆ ಕೆಲವು ಬಾರಿ ಎಲ್ಲ ವಿದ್ಯಾರ್ಥಿಗಳೂ ಒಂದೆಡೆ ಸೇರಿ ತಮ್ಮ ಕೆಲಸ ಹೇಳಿ, ಇನ್ನೊಬ್ಬರಿಂದ ಪ್ರಶ್ನೆ ಕೇಳಿಸಿಕೊಳ್ಳುತ್ತಾರೆ. ಮನೆ ಬಿಟ್ಟು ದೂರ ಹೋದ ಹುಡುಗಿಗೆ ತನ್ನದೇ ವಯಸ್ಸಿನ, ತನ್ನದೇ ಕಷ್ಟದ ಹತ್ತು ಜನ ಸಿಗುತ್ತಾರಲ್ಲ, ಅದು ದೊಡ್ಡ ಧೈರ್ಯ.

ಗಂಟುನೋವು ಅಂದೆ. ಅದಕ್ಕೆ ಕೊಡುವ ಲೆಫ್ಲುನೊಮೈಡ್ ಎಂಬ ಮಾತ್ರೆ ನಿಮ್ಮ ಪರಿಚಯದವರೂ ನುಂಗುತ್ತಿರಬಹುದು. ಅದು ಕೆಲಸ ಮಾಡುವುದು ರಕ್ಷಣಾ ಕೋಶಗಳು ಡಿಎನ್‌ಎ ಕಟ್ಟಲು ಬೇಕಾದ ಪಿರಿಮಿಡಿನ್ ತಯಾರಿಕೆಯನ್ನು ತಡೆದು. ಕಿಡ್ನಿ ಬದಲಿಸಿದವರಿಗೆ ಕೊಡುವ ಮೈಕೊಫಿನೊಲೇಟ್ ಇನ್ನೊಂದು ಪದಾರ್ಥದ ತಯಾರಿಕೆಯನ್ನು ತಡೆಯುತ್ತದೆ. ಎರಡೂ ಕೋಶದ ಮೆಟಬಾಲಿಸಂ ಹಿಡಿದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳು. ಮಗಳು ಓದಹೊರಟಿರುವುದು ಗಾಳಿಗೋಪುರದ ವಿಷಯ ಅಲ್ಲವೇ ಅಲ್ಲ.

ಸಂದರ್ಶನದಲ್ಲಿ ಅವಳೂ ಪ್ರಶ್ನೆ ಕೇಳಬೇಕು. ಈ ನೆಟ್‌ವರ್ಕಿನ ಹಣ ಸಾಮಾನ್ಯವಾಗಿ 36 ತಿಂಗಳಿಗೆ. ಕೆಲವು ದೇಶಗಳಲ್ಲಿ ಪಿಎಚ್‌ಡಿ ನಾಲ್ಕು ವರ್ಷ ಹಿಡಿಯುತ್ತದೆ. ನಾಲ್ಕನೆಯ ವರ್ಷದ ಸಂಬಳ ಯಾರು ಕೊಡುತ್ತಾರೆ ಎಂದು ಬಾಯಿಬಿಟ್ಟು ಕೇಳಲಿ, ಉತ್ತರ ಇಮೇಲಿನಲ್ಲಿ ಬರೆಸಿಕೊಳ್ಳಲಿ. ಪ್ರಕಟಣೆಯ ಮೊತ್ತ ಕೈಗೆ ಬರುವ ಮೊತ್ತವಲ್ಲ. ತೆರಿಗೆ, ಸಾಮಾಜಿಕ ಭದ್ರತೆಗೆ ಕೆಲಸ ಕೊಟ್ಟ ಸಂಸ್ಥೆ ಕಟ್ಟುವ ಪಾಲು ಎಲ್ಲ ಕಳೆದು ಎಷ್ಟು ಬರುತ್ತದೆ, ಆ ಊರಿನಲ್ಲಿ ಬಾಡಿಗೆ ಎಷ್ಟು ಎಂದು ವಿಚಾರಿಸಲಿ. ಆ ಗೈಡ್ ಕೈಕೆಳಗೆ ಮುಂಚೆ ಓದಿದ ಇಬ್ಬರ ಹತ್ತಿರವಾದರೂ ಮಾತಾಡಲಿ. ಎಷ್ಟು ಜನ ಮುಗಿಸಿದರು, ಬಿಟ್ಟು ಹೋದವರು ಯಾಕೆ ಬಿಟ್ಟರು, ಪ್ರಯೋಗ ಸೋತಾಗ ಗೈಡ್ ಹೇಗೆ ನಡೆದುಕೊಳ್ಳುತ್ತಾರೆ ಎಂದು ಕೇಳಲಿ. ನನ್ನ ಲೆಕ್ಕದಲ್ಲಿ ದೇಶದ ಹೆಸರಿಗಿಂತ, ವಿಶ್ವವಿದ್ಯಾಲಯದ ಹೆಸರಿಗಿಂತ ಇದು ದೊಡ್ಡದು. ಒಳ್ಳೆ ಗೈಡ್ ಪುಣೆಯಲ್ಲಿದ್ದು, ಕೆಟ್ಟ ಗೈಡ್ ಪ್ಯಾರಿಸ್ಸಿನಲ್ಲಿದ್ದರೆ ನಾನು ಪುಣೆ ಅನ್ನುತ್ತೇನೆ.

ತಿರುಗಿ ಬರುತ್ತಾಳಾ ಎಂದು ಕೇಳಿದ್ದೀರಿ. ಅದನ್ನು ಅವಳೇ ತೀರ್ಮಾನಿಸಬೇಕು. ಬಂದವರಿಗೆ ಇಲ್ಲಿ ಪ್ರಯೋಗಾಲಯ ಕಟ್ಟಲು ಇಂಡಿಯಾ ಅಲಯನ್ಸ್ ಥರದ ಫೆಲೊಶಿಪ್‌ಗಳಿವೆ, ಬಂದು ಚೆನ್ನಾಗಿ ಕೆಲಸ ಮಾಡುತ್ತಿರುವವರೂ ಇದ್ದಾರೆ. ಕರಾರಿನಲ್ಲಿ ಸಂಬಳದ ರಜೆ ಇರುತ್ತದೆ. ಅಡಿಕೆ ಕೊಯ್ಲಿನ ಹೊತ್ತಿಗೆ ಬಂದು ಹೋಗಲು ಹೇಳಿ.

ಪ್ರಶ್ನೆ: ಈ ಸಂಶೋಧನೆಯಲ್ಲಿ ಇಲಿಗಳನ್ನು ಕೊಲ್ಲಲೇಬೇಕಾ? ನನ್ನಿಂದ ಆಗದು.
– ಬಿಎಸ್ಸಿ ವಿದ್ಯಾರ್ಥಿ, ಅಂಕೋಲಾ

ಉತ್ತರ: ಆಗದು ಎಂದರೆ ಆಗದು. ಅದನ್ನು ಮೊದಲ ಮಾತುಕತೆಯಲ್ಲೇ ಗೈಡಿಗೆ ಹೇಳಿ. ರಕ್ತನಿಧಿಯಲ್ಲಿ ಬೇರ್ಪಡಿಸಿ ಉಳಿದ ಬಿಳಿರಕ್ತಕಣಗಳಿಂದ, ಒಪ್ಪಿಗೆ ಪಡೆದು, ಮನುಷ್ಯರ ಮಾನೊಸೈಟ್ ತೆಗೆದು ಕೆಲಸ ಮಾಡುವ ಪ್ರಯೋಗಾಲಯಗಳಿವೆ. ಬರೀ ಕಂಪ್ಯೂಟರಿನಲ್ಲಿ ಮೆಟಬಾಲಿಸಂನ ಮಾದರಿ ಕಟ್ಟುವವರೂ ಇದ್ದಾರೆ. ಆದರೆ ಇಡೀ ದೇಹದಲ್ಲಿ ಲಿವರು, ಕೊಬ್ಬು, ಕರುಳು ಒಂದಕ್ಕೊಂದು ಹೇಗೆ ಪ್ರಭಾವ ಬೀರುತ್ತವೆ ಎಂದು ತಿಳಿಯಲು ಇವತ್ತಿಗೂ ಪ್ರಾಣಿ ಬೇಕಾಗುತ್ತದೆ. ನಮ್ಮಲ್ಲಿ ಅದಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಕಡ್ಡಾಯ. ಪ್ರಾಣಿಯ ಬದಲು ಬೇರೆ ದಾರಿ ಹುಡುಕು, ಸಂಖ್ಯೆ ಕಡಿಮೆ ಮಾಡು, ನೋವು ಕಡಿಮೆ ಮಾಡು ಎಂಬ ಮೂರು ನಿಯಮಗಳನ್ನು ರಸೆಲ್ ಮತ್ತು ಬರ್ಚ್ 1959ರಲ್ಲಿ ಬರೆದರು. ಪ್ರಾಣಿಗಳ ಮೇಲೆ ಕೆಲಸ ಮಾಡುವವರಲ್ಲೂ ನಿಮ್ಮ ಥರ ಸಂಕಟಪಡುವವರೇ ಇರಬೇಕು ಎಂದು ನನಗನ್ನಿಸುತ್ತದೆ.

ಪ್ರಶ್ನೆ: ನಮ್ಮ ಕಾಡಿನ ಹುಳಿ ಹಣ್ಣು ಉಪ್ಪಾಗೆಯ ಸಿಪ್ಪೆಯಿಂದ ತೂಕ ಇಳಿಸುವ ಮಾತ್ರೆ ಮಾಡುತ್ತಾರಂತೆ. ಉರಿಯೂತಕ್ಕೂ ಒಳ್ಳೆಯದು ಅನ್ನುತ್ತಾರೆ. ನಾವೇ ಒಣಗಿಸಿ ಮಾರುವವರು. ನಿಜವೇನು?
– ಓದುಗರು, ಸಿದ್ದಾಪುರ

ಉತ್ತರ: ನಮ್ಮ ಜಿಲ್ಲೆಯಿಂದ ಬಂದ ಈ ಪ್ರಶ್ನೆ ಒಂದು ಪಿಎಚ್‌ಡಿಗೇ ಆಗುವಷ್ಟಿದೆ. ಉಪ್ಪಾಗೆಯ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅದನ್ನು ಸರಿಯಾಗಿ ಗುರುತಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್, 1965ರಲ್ಲಿ. ಮುರುಗಲಿನಲ್ಲೂ (ಕೋಕಂ) ಅದು ಇದೆ. ಕೆಲವೇ ವರ್ಷಗಳಲ್ಲಿ ಅಮೆರಿಕದ ಲೋವೆನ್‌ಸ್ಟೀನ್ ಮತ್ತು ಸಂಗಡಿಗರು ಈ ಆಮ್ಲ ಸಿಟ್ರೇಟ್ ಒಡೆಯುವ ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿದರು. ದೇಹ ಸಕ್ಕರೆಯಿಂದ ಕೊಬ್ಬು ಮಾಡುವುದು ಆ ಕಿಣ್ವದ ಮೂಲಕ. ತೂಕದ ಮಾತ್ರೆಯ ವ್ಯಾಪಾರ ಹುಟ್ಟಿದ್ದು ಅಲ್ಲಿಂದ.

ಆದರೆ 1998ರಲ್ಲಿ ಅಮೆರಿಕದಲ್ಲಿ 135 ಜನರಿಗೆ 12 ವಾರ ಕೊಟ್ಟು ನೋಡಿದಾಗ, ಉಪ್ಪಾಗೆ ಸತ್ವ ತಿಂದವರಿಗೂ ಸುಳ್ಳುಮಾತ್ರೆ ತಿಂದವರಿಗೂ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆ ತಿಂದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಅಡುಗೆಗೆ ಹಾಕುವ ಉಪ್ಪಾಗೆಯ ಮಾತು ಬೇರೆ, ಹುಳಿಗೆ ಹಾಕಿ ಧಾರಾಳ ಉಣ್ಣಿ. ಮಾತ್ರೆ ಬೇಡ.

ಉರಿಯೂತದ ವಿಷಯಕ್ಕೆ ಬಂದರೆ, ರೇಗಿದ ಮ್ಯಾಕ್ರೊಫೇಜ್ ಇದೇ ಕಿಣ್ವವನ್ನು ಜಾಸ್ತಿ ಬಳಸುತ್ತದೆ. ಮೈಟೊಕಾಂಡ್ರಿಯಾದಿಂದ ಹೊರಬಂದ ಸಿಟ್ರೇಟ್ ಒಡೆದು ಪ್ರೊಸ್ಟಗ್ಲಾಂಡಿನ್ ಮುಂತಾದ ಉರಿಯೂತದ ಪದಾರ್ಥಗಳನ್ನು ಮಾಡಿಕೊಳ್ಳುತ್ತದೆ. ಬಟ್ಟಲಿನಲ್ಲಿ ಕೋಶಕ್ಕೆ ಈ ಆಮ್ಲ ಹಾಕಿ ಉರಿಯೂತ ತಗ್ಗಿದ್ದನ್ನು ನೋಡಿದವರಿದ್ದಾರೆ. ಆದರೆ ಅಲ್ಲಿ ಹಾಕುವ ಪ್ರಮಾಣ ಊಟದಿಂದ ರಕ್ತಕ್ಕೆ ಬರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬಟ್ಟಲಿನ ಫಲಿತಾಂಶವನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕುವುದು ಅನ್ಯಾಯ. ಇದೇ ಕಿಣ್ವವನ್ನು ತಡೆಯುವ ಬೆಂಪಿಡೋಯಿಕ್ ಆಮ್ಲ ಎಂಬ ಕೊಲೆಸ್ಟರಾಲ್ ಮಾತ್ರೆಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅದು ಮುಖ್ಯವಾಗಿ ಲಿವರಿನಲ್ಲಿ ಚುರುಕಾಗುವ ಹಾಗೆ ಇದೆ. ಅಂದರೆ ಕಿಣ್ವದ ಆಯ್ಕೆ ಸರಿಯಿತ್ತು, ಸರಿಯಾದ ಅಂಗಕ್ಕೆ ಸರಿಯಾದ ಪ್ರಮಾಣದಲ್ಲಿ ತಲುಪಿಸುವುದು ಬಹಳ ವರ್ಷಗಳ ಕೆಲಸ. ನಿಮ್ಮ ಊರಿನ ಯಾರಾದರೂ ಹುಡುಗರು ಇದನ್ನು ಕೈಗೆತ್ತಿಕೊಂಡರೆ ನನಗೆ ಪತ್ರ ಬರೆಯಲಿ.

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನಲ್ಲಿ ಮೈಕ್ರೊಸ್ಕೋಪ್ ಬಿಟ್ಟರೆ ಹೆಚ್ಚೇನಿಲ್ಲ. ಮಕ್ಕಳನ್ನು ಇಂಥ ಸಂಶೋಧನೆಗೆ ಹೇಗೆ ಅಣಿಗೊಳಿಸಲಿ?
– ಉಪನ್ಯಾಸಕರು, ಹೊನ್ನಾವರ

ಉತ್ತರ: ಮಾಸ್ತರರೇ, ಮೈಕ್ರೊಸ್ಕೋಪ್, ಬೇಕರಿಯ ಯೀಸ್ಟ್, ಗ್ಲೂಕೋಸ್ ಪುಡಿ, ಒಂದು ಗ್ಲೂಕೊಮೀಟರ್. ಇಷ್ಟಿದ್ದರೆ ಒಂದು ಸೆಮಿಸ್ಟರ್ ಕಲಿಸಬಹುದು.

ಗ್ಲೂಕೋಸ್ ನೀರಿಗೆ ಯೀಸ್ಟ್ ಹಾಕಿ ಎರಡು ಬಾಟಲಿ ಮಾಡಿಸಿ. ಒಂದಕ್ಕೆ ಸಕ್ಕರೆ ಕಡಿಮೆ, ಇನ್ನೊಂದಕ್ಕೆ ಜಾಸ್ತಿ. ಎರಡನ್ನೂ ಗಾಳಿ ಆಡುವ ಹಾಗೆ ಅಲ್ಲಾಡಿಸುತ್ತಿರಲಿ. ಅರ್ಧ ಗಂಟೆಗೊಮ್ಮೆ ಗ್ಲೂಕೊಮೀಟರಿನಲ್ಲಿ ಅಳೆಯಲಿ. ಅದು ರಕ್ತಕ್ಕೆ ಮಾಡಿದ ಯಂತ್ರ, ಹಾಗಾಗಿ ಅಂಕಿ ನಿಖರವಲ್ಲ, ಏರಿಳಿತದ ದಿಕ್ಕು ಗೊತ್ತಾಗುತ್ತದೆ. ಮೀಟರಿನ ಮಿತಿ ದಾಟಿದರೆ ನೀರು ಬೆರೆಸಿ ಲೆಕ್ಕ ಹಾಕಲಿ. ಸಕ್ಕರೆ ಹೇರಳವಾಗಿದ್ದರೆ ಗಾಳಿ ಇದ್ದರೂ ಯೀಸ್ಟ್ ಹುದುಗಿಸುತ್ತಲೇ ಇರುತ್ತದೆ. ಗಾಳಿ ಇದೆಯಲ್ಲ, ಪೂರ್ತಿ ಯಾಕೆ ಉರಿಸುತ್ತಿಲ್ಲ ಎಂದು ಮಕ್ಕಳೇ ಕೇಳುತ್ತಾರೆ. ಕೇಳಿದ ದಿನ ವಾರ್ಬರ್ಗ್ ಅವರನ್ನೂ ಮ್ಯಾಕ್ರೊಫೇಜನ್ನೂ ಪರಿಚಯಿಸಿ. ಅವತ್ತಿನ ಪಾಠ ಅವರು ಮರೆಯುವುದಿಲ್ಲ.

ಲೀಶ್ಮನ್ ಬಣ್ಣ ಹಾಕಿದ ರಕ್ತದ ಸ್ಲೈಡಿನಲ್ಲಿ ನೂರು ಬಿಳಿರಕ್ತಕಣ ಎಣಿಸಲು ಹೇಳಿ. ಅದೇ ಸ್ಲೈಡನ್ನು ಇನ್ನೊಬ್ಬರಿಗೆ ಕೊಡಿ. ಇಬ್ಬರ ಎಣಿಕೆ ಕೂಡುವುದಿಲ್ಲ. ಯಾಕೆ ಕೂಡಲಿಲ್ಲ ಎಂಬ ಚರ್ಚೆಯನ್ನು ಒಂದು ಗಂಟೆ ನಡೆಸಿ. ದೊಡ್ಡ ಸಂಸ್ಥೆಗಳಿಗೆ ಹೋದ ಎಷ್ಟೋ ವಿದ್ಯಾರ್ಥಿಗಳಿಗೆ ಈ ಒಂದು ಗಂಟೆ ಯಾರೂ ಕೊಟ್ಟಿರುವುದಿಲ್ಲ. ಪ್ರಾಕ್ಟಿಕಲ್ ಪುಸ್ತಕವನ್ನು ಆಮೇಲೆ ಕೂತು ಚೆಂದವಾಗಿ ನಕಲು ಮಾಡುವ ಪದ್ಧತಿ ನಿಲ್ಲಿಸಿ. ಬೆಂಚಿನ ಹತ್ತಿರವೇ, ಕಲೆ ಬಿದ್ದರೂ ಸರಿ, ಆಗ ಕಂಡದ್ದನ್ನು ಆಗಲೇ ಬರೆಯಲಿ.

ಬೇಸಿಗೆಗೆ ಮೂರು ವಿಜ್ಞಾನ ಅಕಾಡೆಮಿಗಳ ಫೆಲೊಶಿಪ್ ಇದೆ, ಅದಕ್ಕೆ ವಿದ್ಯಾರ್ಥಿಗಳಷ್ಟೇ ಅಲ್ಲ, ಶಿಕ್ಷಕರೂ ಅರ್ಜಿ ಹಾಕಬಹುದು. ನೀವೂ ಹಾಕಿ. ಮೀನಿನ ಕಡೆ ಒಲವಿರುವ ಮಕ್ಕಳನ್ನು ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿ. ಮೀನಿಗೂ ಮ್ಯಾಕ್ರೊಫೇಜ್ ಇದೆ.

ಪ್ರಶ್ನೆ: ಎಂಎಸ್ಸಿ ಆದ ಮೇಲೆ ಮದುವೆಯಾಯಿತು. ಈಗ ವಯಸ್ಸು 33, ಮಗುವಿಗೆ ನಾಲ್ಕು ವರ್ಷ. ಕೆಲವು ವರ್ಷಗಳಿಂದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ನಿಮ್ಮ ಲೇಖನ ಓದಿ ಪಿಎಚ್‌ಡಿ ಆಸೆ ಮತ್ತೆ ಚಿಗುರಿದೆ. ತಡವಾಯಿತಾ?
– ಓದುಗರು, ಕುಮಟಾ

ಉತ್ತರ: ತಡವಾಗಿಲ್ಲ. ಇದು ಸಮಾಧಾನದ ಮಾತಲ್ಲ, ಕಾರಣ ಹೇಳುತ್ತೇನೆ.

ಶುಗರ್ ಟೆಸ್ಟಿಗೆ ರಕ್ತವನ್ನು ಬೂದು ಮುಚ್ಚಳದ ಟ್ಯೂಬಿಗೆ ಹಾಕುತ್ತೀರಿ. ಅದರಲ್ಲಿ ಫ್ಲೋರೈಡ್ ಇದೆ. ರಕ್ತಕಣಗಳು ಟ್ಯೂಬಿನಲ್ಲೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಫ್ಲೋರೈಡ್ ಇನೊಲೇಸ್ ಎಂಬ ಕಿಣ್ವವನ್ನು ತಡೆದು ಅದನ್ನು ನಿಲ್ಲಿಸುತ್ತದೆ. ಮೆಟಬಾಲಿಸಂ ಸಂಶೋಧಕರ ಮೊದಲ ತಲೆನೋವೂ ಇದೇ. ಕೋಶದೊಳಗಿನ ಪದಾರ್ಥಗಳು ಸೆಕೆಂಡುಗಳಲ್ಲಿ ಬದಲಾಗುತ್ತವೆ. ಅದಕ್ಕೇ ಹಿಮದಷ್ಟು ತಣ್ಣಗಿನ ಮೆಥನಾಲ್ ಸುರಿದು ಆ ಕ್ಷಣಕ್ಕೆ ಎಲ್ಲವನ್ನೂ ನಿಲ್ಲಿಸುತ್ತಾರೆ. ಮಾದರಿ ತಡವಾದರೆ ಏನು ಕೆಡುತ್ತದೆ ಎಂದು ನಿಮ್ಮ ಕೈಗೆ ಗೊತ್ತಿದೆ. ಕಾಲೇಜಿನಿಂದ ನೇರ ಬಂದವರಿಗೆ ಅದನ್ನು ಕಲಿಸಲು ತಿಂಗಳುಗಳು ಬೇಕು.

ಕೆಲವು ಫೆಲೊಶಿಪ್‌ಗಳಿಗೆ ವಯಸ್ಸಿನ ಮಿತಿ ಇದೆ, ಮಹಿಳೆಯರಿಗೆ ಸಡಿಲಿಕೆಯೂ ಇದೆ. ಆಯಾ ವರ್ಷದ ಪ್ರಕಟಣೆ ನೋಡಿ. ಮೇಲೆ ಹೇಳಿದ ಯುರೋಪಿನ ನೆಟ್‌ವರ್ಕಿಗೆ ವಯಸ್ಸಿನ ಮಿತಿಯೇ ಇಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮಹಿಳೆಯರಿಗೆಂದೇ ವೈಸ್-ಪಿಎಚ್‌ಡಿ ಎಂಬ ಫೆಲೊಶಿಪ್ ಕೊಡುತ್ತದೆ. ಯುಜಿಸಿಯ 2022ರ ನಿಯಮದ ಪ್ರಕಾರ ನೌಕರಿಯಲ್ಲಿದ್ದುಕೊಂಡು ಅರೆಕಾಲಿಕ ಪಿಎಚ್‌ಡಿ ಮಾಡಬಹುದು. ಮಹಿಳೆಯರಿಗೆ ಎರಡು ವರ್ಷ ಹೆಚ್ಚಿನ ಅವಧಿ, ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಕೂಡ ಅದರಲ್ಲಿದೆ. ಆದರೆ ನಿಮಗೆ ಪೂರ್ಣಾವಧಿಯೇ ಒಳ್ಳೆಯದು ಎಂದು ನನ್ನ ಸಲಹೆ. ಕೋಶಗಳು ಭಾನುವಾರ ನೋಡುವುದಿಲ್ಲ, ಅರ್ಧ ದಿನದ ಕೆಲಸದಲ್ಲಿ ಸೊರಗುವುದು ನೀವೇ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಯಜಮಾನರ ಜೊತೆ, ಅತ್ತೆಯವರ ಜೊತೆ ಅರ್ಜಿ ಹಾಕುವ ಮುಂಚೆಯೇ ಮಾತಾಡಿ ಮುಗಿಸಿ.

ಗೈಡಿಗೆ ಇಮೇಲ್ ಬರೆಯುವಾಗ ನಡುವೆ ಓದು ನಿಂತ ವರ್ಷಗಳಿಗೆ ಕ್ಷಮೆ ಕೇಳಬೇಡಿ. ದಿನಕ್ಕೆ ಎಷ್ಟು ಮಾದರಿ ನೋಡುತ್ತೀರಿ, ಗುಣಮಟ್ಟದ ನಿಯಂತ್ರಣ ಹೇಗೆ ಮಾಡುತ್ತೀರಿ, ಫಲಿತಾಂಶ ಹೊಂದದಿದ್ದಾಗ ಕಾರಣ ಹೇಗೆ ಹುಡುಕುತ್ತೀರಿ ಎಂದು ನಾಲ್ಕು ಸಾಲು ಬರೆಯಿರಿ. ಅವರ ಯಾವ ಪ್ರಬಂಧ ಓದಿದಿರಿ, ಅದರಲ್ಲಿ ಯಾವ ಚಿತ್ರ ಅರ್ಥವಾಗಲಿಲ್ಲ ಎಂದು ಎರಡು ಸಾಲು ಸೇರಿಸಿ. ನನಗೆ ಅಂಥ ಪತ್ರ ಬಂದಾಗಲೆಲ್ಲ ಅದೇ ದಿನ ಉತ್ತರಿಸಿದ್ದೇನೆ.